ಕಿಕ್ಕರೇ ಗೇರ್ ಆಗುವ ಗಾಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ, ಅಲ್ಲಿ ತಯಾರಾದ ಯೆಜ್ದಿ ಬೈಕುಗಳು ಬೆಂಗಳೂರಿನ ರಸ್ತೆಗಳಲ್ಲಿ ಇಂದಿಗೂ ನೀಲಿ ಹೊಗೆ ಬಿಡುತ್ತಾ ಓಡಾಡುತ್ತಿವೆ. 250 ಸಿಸಿಯ ಈ ಗಾಡಿಯಲ್ಲಿ ನನಗೆ ಅತ್ಯಂತ ಪ್ರಿಯವಾದುದು ಎಡಬದಿಯ ಲಿವರ್: ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ತುಳಿದರೆ ಅದು ಕಿಕ್ಕರ್, ಎಂಜಿನ್ ಚಾಲೂ ಆದ ಮೇಲೆ ಮೊದಲಿನ ಜಾಗಕ್ಕೆ ಮರಳಿಸಿದರೆ ಅದೇ ಗೇರ್ ಲಿವರ್, ಸಾಲದೆಂಬಂತೆ, ಗೇರ್ ಬದಲಿಸುವಾಗ ಕ್ಲಚ್ಚನ್ನು ಬಿಡಿಸುವುದೂ ಅದೇ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು! ಥ್ರಾಟಲ್ ಇಳಿಸಿದೊಡನೆ ಹೊರಡುವ ಆ ಟೂ-ಸ್ಟ್ರೋಕ್ ಸದ್ದಿಗೆ ನಂದಿ ಬೆಟ್ಟದ ದಾರಿಯೇ ಸರಿ. ಸಿಲ್ಕ್ ಬೋರ್ಡ್ ದಟ್ಟಣೆಗೆ ಇದು ತಕ್ಕ ಗಾಡಿಯಲ್ಲ. ಅಲ್ಲದೆ ಪ್ರತಿಸಲ ಪೆಟ್ರೋಲಿಗೆ ಆಯಿಲ್ ಬೆರೆಸದಿದ್ದರೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ನೇ ನಿಂತುಹೋಗುತ್ತದೆ.