ಕಾಕಾನ ಬೋರು, ನನ್ನ ರುಬಿಡಿಯಂ

ಮೇ ತಿಂಗಳು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟು ಇಂಡಿ ತಾಲೂಕಿನ ನಮ್ಮೂರು ಮುಟ್ಟಿದಾಗ ಕಾಕಾನ ಲಿಂಬೆ ತೋಟದಲ್ಲಿ ಬೋರ್ ಗಾಡಿ ನಿಂತಿತ್ತು. ಚಹಾನೂ ಕುಡಿಯದೆ ಅಲ್ಲಿಗೇ ಹೋದೆ. ಹಿಂದಿನ ದಿನ ನೀರು ನೋಡುವವರು ಬಂದಿದ್ದರಂತೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದ ತುಂಬಾ ತಿರುಗಿ, ಕಾಯಿ ಎದ್ದು ನಿಂತ ಜಾಗದಲ್ಲಿ ಒಂದು ಕಲ್ಲಿಟ್ಟು ಹೋಗಿದ್ದರು.

ಮೇಲೆ ಒಂದಷ್ಟು ಕರಿ ಮಣ್ಣು, ಗರಸು. ಆಮೇಲೆ ಬರೀ ಕರಿಕಲ್ಲು. 400 ಅಡಿ ಆಯ್ತು, 500 ಆಯ್ತು, ಬೂದಿಯಂಥ ಧೂಳು ಎದ್ದೆದ್ದು ಲಿಂಬೆ ಎಲೆಗಳೆಲ್ಲ ಬೆಳ್ಳಗಾದವು. ಕಾಕಾ ಆ ಧೂಳನ್ನು ಆಗಾಗ ಮುಷ್ಟಿಯಲ್ಲಿ ಹಿಡಿದು ಹಿಂಡಿ ನೋಡುತ್ತಿದ್ದ, ಒಂಚೂರು ಹಸಿ ಇದೆಯಾ ಅಂತ. 620 ಅಡಿಗೆ "ಸಾಕ್ ಬಿಡ್ರಿ" ಅಂದ. ಆ ತೋಟದಲ್ಲಿ ಅದು ನಾಲ್ಕನೇ ಬೋರು.

ಗಾಡಿ ಹೋದ ಮೇಲೆ ಬೇವಿನ ಗಿಡದ ಕೆಳಗೆ ಕೂತೆವು. ಕಾಕಾ ಕೇಳಿದ: "ಯವ್ವಾ, ನೀ ಅದೇನೋ ಅಣು ಕೆಳಗ ಬೀಳಿಸಿ ನೆಲದ ಜಗ್ಗು ಅಳಿತೀನಿ ಅಂತೀಯಲ್ಲ, ಅದಕ್ಕ ನೀರು ಕಾಣಸ್ತದೇನು?"

ಒಂಬತ್ತು ವರ್ಷದಿಂದ ನಾನು ಇದೇ ಕೆಲಸದಲ್ಲಿದ್ದೇನೆ. ವಿಜಯಪುರದಲ್ಲಿ ಬಿಎಸ್ಸಿ, ಧಾರವಾಡದಲ್ಲಿ ಎಂಎಸ್ಸಿ, ಆಮೇಲೆ ಬೆಂಗಳೂರಿನ ಲ್ಯಾಬು. ರುಬಿಡಿಯಂ ಅಣುಗಳನ್ನು ಗಾಳಿ ತೆಗೆದ ಡಬ್ಬಿಯೊಳಗೆ ಲೇಸರ್‌ನಿಂದ ತಣ್ಣಗೆ ಮಾಡಿ, ಕೆಳಗೆ ಬೀಳಲು ಬಿಟ್ಟು, ಎಷ್ಟು ವೇಗವಾಗಿ ಬೀಳುತ್ತವೆ ಅಂತ ಅಳೆಯುತ್ತೇವೆ. ಅದರಿಂದ ಭೂಮಿಯ ಜಗ್ಗು, ಅಂದರೆ ಗುರುತ್ವ, ಅಲ್ಲಿ ಎಷ್ಟಿದೆ ಅಂತ ತಿಳಿಯುತ್ತದೆ. ಎಷ್ಟೋ ಸೆಮಿನಾರ್‌ಗಳಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ. ಆದರೆ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಸುಮ್ನೆ "ಮುಂದೆ ಆಗಬಹುದು ಕಾಕಾ" ಅಂದುಬಿಡಬಹುದಿತ್ತು. ಆದರೆ ನಾಲ್ಕು ಬೋರ್ ಕಳೆದುಕೊಂಡವನ ಮುಂದೆ ಹಾಗೆ ಹೇಳಲು ಬಾಯಿ ಬರಲಿಲ್ಲ.

ಅದಕ್ಕೇ ಮೊದಲಿಂದ ಹೇಳಿದೆ. ರುಬಿಡಿಯಂ ಮೆತ್ತನೆಯ ಲೋಹ, 39 ಡಿಗ್ರಿ ದಾಟುತ್ತಿದ್ದಂತೆ ಕರಗುತ್ತದೆ. "ಅಂದ್ರ ಇವತ್ತಿನ ಬಿಸಲಿಗೆ ನಮ್ಮ ಹೊಲದಾಗ ನೀರಾಗಿರ್ತಿತ್ತು" ಅಂದ ಕಾಕಾ. ನಿಜ, ಅವತ್ತು 42 ಇತ್ತು. ಸಾಧಾರಣ ಸೆಕೆಯಲ್ಲಿ ಅದರ ಅಣುಗಳು ಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತಿರುತ್ತವೆ. ಅಂಥದ್ದನ್ನು ಬೀಳಿಸಿ ನೋಡುವುದು ಹೇಗೆ? ಒಂದು ಗೇಣು ಬೀಳುವ ಮೊದಲೇ ಡಬ್ಬಿಯ ಗೋಡೆಗೆ ಬಡಿದಿರುತ್ತವೆ. ಅದಕ್ಕೇ ಆರು ದಿಕ್ಕಿನಿಂದ ಲೇಸರ್ ಬಿಟ್ಟು, ಓಡುವ ಅಣುವನ್ನು ಎದುರಿನ ಬೆಳಕು ತಳ್ಳುವಂತೆ ಮಾಡುತ್ತೇವೆ. ಈ ವಿದ್ಯೆಗೆ 1997ರಲ್ಲಿ ಸ್ಟೀವನ್ ಚು, ಕ್ಲಾಡ್ ಕೋಹೆನ್ ತನೂಜಿ, ವಿಲಿಯಂ ಫಿಲಿಪ್ಸ್ ಮೂವರಿಗೂ ನೊಬೆಲ್ ಬಂತು. ಕೊನೆಗೆ ಅಣುಗಳ ವೇಗ ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್‌ಗೆ ಇಳಿಯುತ್ತದೆ, ಇರುವೆ ನಡೆದ ಹಾಗೆ. ನಮ್ಮ ಡಬ್ಬಿಯಲ್ಲಿ ಮೊದಲ ಸಲ ಅಣುಗಳು ನಿಂತಾಗ ರಾತ್ರಿ ಎರಡೂವರೆ. ಕ್ಯಾಮೆರಾ ಪರದೆ ಮೇಲೆ ಜೋಳದ ಕಾಳಿನಷ್ಟು ಒಂದು ಬಿಳಿ ಚುಕ್ಕೆ. ಕೈ ಅಡ್ಡ ಹಿಡಿದು ಒಂದು ಲೇಸರ್ ಮರೆ ಮಾಡಿದರೆ ಮಾಯ, ಕೈ ತೆಗೆದರೆ ಮತ್ತೆ ನಿಧಾನಕ್ಕೆ ತುಂಬಿಕೊಳ್ಳುತ್ತಿತ್ತು. ಹತ್ತು ಸಲ ಹಾಗೆ ಮಾಡಿ ನೋಡಿದೆ. ಎರಡು ವರ್ಷ ಪೈಪಿನ ಸೋರಿಕೆ ಹುಡುಕಿದ್ದೆಲ್ಲ ಆ ಚುಕ್ಕೆಗಾಗಿ.

ಬೀಳುವಾಗ ಅದೇ ಅಣುವಿಗೆ ಮೂರು ಸಲ ಲೇಸರ್ ಮಿಂಚು ಕೊಡುತ್ತೇವೆ. ಅಣು ಅಲೆಯಂತೆ ಎರಡು ದಾರಿ ಹಿಡಿದು ಮತ್ತೆ ಕೂಡುತ್ತದೆ. ಕೂಡಿದಾಗ ಅಲೆಗಳು ಎಷ್ಟು ಹೊಂದಿವೆ ಅನ್ನುವುದರಲ್ಲಿ ಭೂಮಿ ಎಷ್ಟು ಜಗ್ಗಿತು ಅನ್ನುವುದು ಬರೆದಿರುತ್ತದೆ. 1991ರಲ್ಲೇ ಕ್ಯಾಸೆವಿಚ್ ಮತ್ತು ಚು ಇದನ್ನು ಮಾಡಿ ತೋರಿಸಿದರು. ನೆಲದೊಳಗೆ ಟೊಳ್ಳು ಇದ್ದಲ್ಲಿ ಜಗ್ಗು ತುಸು ಕಡಿಮೆ. 2022ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇಂಥದ್ದೇ ಯಂತ್ರವನ್ನು ಹೊರಗೆ ತಂದು ರಸ್ತೆ ಕೆಳಗಿನ ಸುರಂಗ ಪತ್ತೆ ಮಾಡಿದ್ದನ್ನು ಪ್ರಕಟಿಸಿದರು.

"ಅಂದ್ಮ್ಯಾಗ ಆಗ್ತದಲ್ಲ!" ಕಾಕಾ ನೆಟ್ಟಗೆ ಕೂತ.

ಇಲ್ಲ, ಅಂದೆ. ಆ ಸುರಂಗ ಎರಡು ಮೀಟರ್ ಅಗಲದ್ದು, ನೆಲದಿಂದ ಅರ್ಧ ಮೀಟರ್ ಕೆಳಗೆ ಇತ್ತು. ನಿನ್ನ ನೀರಿನ ಸೆಲೆ ಅಂದರೆ ಕರಿಕಲ್ಲಿನಲ್ಲಿ 500 ಅಡಿ ಕೆಳಗಿನ ಒಂದು ಬಿರುಕು. ಅಷ್ಟು ಆಳದಿಂದ ಬೆರಳಗಲದ ಬಿರುಕಿನ ಜಗ್ಗು ಯಾವ ಅಣುವಿಗೂ ತಿಳಿಯದು. ಎಲ್ಲಿ ಕೊರೀಬೇಕು ಅಂತ ನನ್ನ ಯಂತ್ರ ಹೇಳಲ್ಲ.

ಕಾಕಾ ತುಸು ಹೊತ್ತು ಮಾತಾಡಲಿಲ್ಲ. ಹೊಟ್ಟೆಯಲ್ಲಿ ಸಂಕಟ ಆಯ್ತು. ಆಮೇಲೆ ಅವನೇ, "ಹಂಗಾದ್ರ ಒಟ್ಟು ಎಷ್ಟು ಉಳದದ ಅಂತರ ಹೇಳ್ತದೇನು?" ಅಂದ.

ಇದಕ್ಕೆ ಉತ್ತರ ಇತ್ತು. ಸುತ್ತಲಿನ ನೆಲದೊಳಗೆಲ್ಲ ನೀರಿನ ಮಟ್ಟ ಒಂದು ಮೀಟರ್ ಇಳಿದರೆ, ನಮ್ಮ ಕಡೆಯ ಕಲ್ಲಿನಲ್ಲಿ ನೀರಿಗೆ ಇರುವ ಜಾಗವೇ ಕಡಿಮೆಯಾದ್ದರಿಂದ, ಭೂಮಿಯ ಜಗ್ಗು ನೂರು ಕೋಟಿಯಲ್ಲಿ ಒಂದೋ ಎರಡೋ ಪಾಲು ಕಡಿಮೆ ಆಗುತ್ತದೆ. ಒಳ್ಳೆಯ ಅಣು ಯಂತ್ರಗಳು ಆ ಮಟ್ಟ ಮುಟ್ಟಿವೆ. ಒಂದೇ ಜಾಗದಲ್ಲಿ ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಅಳೆದರೆ ಊರ ಕೆಳಗಿನ ಲೆಕ್ಕ ಸಿಗುತ್ತದೆ. ಬೋರ್ ಕೊರೆಯದೆಯೇ. ಅಣುವನ್ನು ಅಲೆಯಂತೆ ನಡೆಸುವ ಈ ವಿದ್ಯೆಯೂ ಕ್ವಾಂಟಂ ವಿಜ್ಞಾನವೇ. ಆದರೆ ದೇಶದಲ್ಲಿ ಈಗ ಕ್ವಾಂಟಂ ಅಂದರೆ ಎಲ್ಲರ ಬಾಯಲ್ಲೂ ಕಂಪ್ಯೂಟರೇ. 2023ರಲ್ಲಿ ಕೇಂದ್ರ ಸರ್ಕಾರ 6,003 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು, ಅದರಲ್ಲಿ ಅಳತೆಯ ಯಂತ್ರಗಳಿಗೂ ಪಾಲಿದೆ. ನಮ್ಮ ಸೀಮೆಗೆ ಬೇಕಿರುವುದು ಆ ಪಾಲು ಅಂತ ನನಗೆ ಬಲವಾಗಿ ಅನಿಸುತ್ತದೆ.

"ಬಾ ಇಲ್ಲಿ" ಅಂತ ಕಾಕಾ ಹಳೇ ಬಾವಿಗೆ ಕರೆದುಕೊಂಡು ಹೋದ. ಮೆಟ್ಟಿಲ ಪಕ್ಕದ ಗೋಡೆ ಮೇಲೆ ಸುಣ್ಣದ ಗೆರೆಗಳು, ಒಂದರ ಕೆಳಗೊಂದು. ಯುಗಾದಿ ದಿನ ನೀರು ಎಲ್ಲಿತ್ತು ಅಂತ ಮೊದಲು ಅಜ್ಜ, ಆಮೇಲೆ ಕಾಕಾ ಹಾಕುತ್ತಾ ಬಂದದ್ದು. ಚಿಕ್ಕಂದಿನಲ್ಲಿ ಅದೇ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟಿದ್ದೇನೆ, ಆ ಗೆರೆಗಳು ಏನಂತ ಒಂದು ದಿನವೂ ಕೇಳಿರಲಿಲ್ಲ. ನಮ್ಮ ಯಂತ್ರ ನಾಳೆ ಇಲ್ಲಿಗೆ ಬಂದರೂ ಅದರ ಅಂಕಿಯನ್ನು ಹೋಲಿಸಿ ನೋಡಲು ಇಂಥದ್ದೇ ದಾಖಲೆ ಬೇಕು.

ಲಿಂಬೆ ಕೀಳುವ ಕೋಲಿಗೆ ಟೇಪು ಕಟ್ಟಿ ಒಂದೊಂದೇ ಗೆರೆ ಅಳೆದೆವು. ಕಾಕಾ ವರ್ಷ ಹೇಳುತ್ತಾ ಹೋದ, ನಾನು ಬರೆದುಕೊಂಡೆ. ಕೆಳಗಿನ ಮೂರು ಗೆರೆಗಳಿಗೆ ಕೋಲು ಸಾಲಲಿಲ್ಲ. ಹಗ್ಗ ತರಲು ಕಾಕಾ ಮನೆ ಕಡೆ ನಡೆದ.