ತೆಯೊತಿವಾಕಾನ್‌ಗೆ ಹೋಗ್ತೀರಾ? ಎರಡು ಪಿರಮಿಡ್ ನೋಡಿ ವಾಪಸ್ ಬರಬೇಡಿ

ಮೆಕ್ಸಿಕೊ ಸಿಟಿಗೆ ಹೋದವರಲ್ಲಿ ಹೆಚ್ಚಿನವರು ತೆಯೊತಿವಾಕಾನ್‌ಗೆ ಅರ್ಧ ದಿನ ಕೊಡುತ್ತಾರೆ. ಟೂರ್ ಬಸ್ ಹತ್ತಿ, ಸೂರ್ಯ ಪಿರಮಿಡ್ ಮುಂದೆ ಒಂದು ಫೋಟೊ, ಚಂದ್ರ ಪಿರಮಿಡ್ ಮುಂದೆ ಇನ್ನೊಂದು, ನಡುವೆ ಯಾವುದೋ ಅಂಗಡಿಯಲ್ಲಿ ಒಂದು ಗಂಟೆ ಶಾಪಿಂಗು, ಮಧ್ಯಾಹ್ನಕ್ಕೆಲ್ಲ ಸಿಟಿಗೆ ವಾಪಸ್. ದಯವಿಟ್ಟು ಹಾಗೆ ಮಾಡಬೇಡಿ. ಇಡೀ ದಿನ ಇಟ್ಟುಕೊಳ್ಳಿ, ನೀವೇ ಬಸ್ ಹಿಡಿದು ಹೋಗಿ, ಮತ್ತು ಅಲ್ಲಿನ ಜನ ವಾಸ ಮಾಡಿದ ಮನೆಗಳನ್ನು ಮಾತ್ರ ಬಿಡಬೇಡಿ. ಇದು ಬಯಲಲ್ಲಿ ನಿಂತ ಎರಡು ಪಿರಮಿಡ್ ಅಲ್ಲ, ಸುಮಾರು 1,500 ವರ್ಷದ ಹಿಂದೆ ಲಕ್ಷಕ್ಕೂ ಹೆಚ್ಚು ಜನ ಸಂಸಾರ ಮಾಡಿಕೊಂಡಿದ್ದ ದೊಡ್ಡ ಊರು. ಆ ಊರು ಕಾಣಿಸಿದ ಮೇಲೆ ಪಿರಮಿಡ್‌ಗಳೂ ಬೇರೆ ಥರ ಕಾಣುತ್ತವೆ.

ಮೊದಲು ವೀಸಾ ವಿಷಯ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೊ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಶೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಪ್ರವಾಸಕ್ಕೆ ಬೇರೆ ವೀಸಾ ಬೇಕಿಲ್ಲ. ಅಮೆರಿಕದಲ್ಲಿ ಎಚ್-1ಬಿ ಮೇಲಿರುವ ನಮ್ಮವರು ಒಂದು ವಿಷಯ ಗಮನಿಸಿ: ಕೈಯಲ್ಲಿ ಐ-797, ಅಂದರೆ ಎಚ್-1ಬಿ ಮಂಜೂರಾತಿ ಪತ್ರ, ಇದ್ದರೆ ಸಾಲದು, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಅವಧಿ ಮುಗಿದಿರಬಾರದು. ಬೆಂಗಳೂರಿನಿಂದ ಹೊರಡುವವರು ಅಮೆರಿಕದ ಮೂಲಕ ವಿಮಾನ ಬದಲಿಸುವುದಾದರೆ ಅದಕ್ಕೂ ಅಮೆರಿಕದ ವೀಸಾ ಬೇಕು. ಯುರೋಪ್ ಮೂಲಕ ಹೋಗುವುದು ಆಗ ಸುಲಭ. ನಿಯಮ ಬದಲಾಗುತ್ತಲೇ ಇರುತ್ತದೆ, ಟಿಕೆಟ್ ಮಾಡಿಸುವ ಮುಂಚೆ ಒಮ್ಮೆ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿಬಿಡಿ.

ಮೆಕ್ಸಿಕೊ ಸಿಟಿಯಿಂದ ಈ ಜಾಗ ಸುಮಾರು 50 ಕಿಲೋಮೀಟರ್, ಈಶಾನ್ಯಕ್ಕೆ. ಮೆಟ್ರೊ 5ನೇ ಲೈನಿನಲ್ಲಿ ಆಟೊಬುಸೆಸ್ ದೆಲ್ ನೊರ್ತೆ ಅಂತ ಸ್ಟೇಷನ್ ಇದೆ, ಅಲ್ಲಿಳಿದರೆ ಎದುರಿಗೇ ಉತ್ತರದ ದೊಡ್ಡ ಬಸ್ ನಿಲ್ದಾಣ. ಒಳಗೆ ಹೋಗಿ ಎಡಗಡೆ ಕೊನೆಯವರೆಗೆ ನಡೆಯಿರಿ, ಕೌಂಟರಿನಲ್ಲಿ 'ಪಿರಾಮಿದೆಸ್' ಅಂದರೆ ಸಾಕು, ಟಿಕೆಟ್ ಕೊಡುತ್ತಾರೆ. ಬರೀ ತೆಯೊತಿವಾಕಾನ್ ಅಂದರೆ ಪಕ್ಕದ ಸಾನ್ ಹುವಾನ್ ಊರಿಗೆ ಹೋಗುವ ಬಸ್ಸೂ ಇದೆ, ಅದರಲ್ಲಿ ಕೂತರೆ ಅಲ್ಲಿಂದ ಮತ್ತೆ ಗಾಡಿ ಹಿಡಿಯಬೇಕು. ಪಯಣ ಒಂದು ಗಂಟೆ, ಟ್ರಾಫಿಕ್ ಇದ್ದರೆ ಸ್ವಲ್ಪ ಜಾಸ್ತಿ. ಊಬರ್ ಹೋಗುವಾಗ ಸುಲಭವಾಗಿ ಸಿಗುತ್ತದೆ, ವಾಪಸ್ ಬರುವಾಗ ಸಿಗುವುದು ಕಷ್ಟ. ಅದಕ್ಕೇ ನಾನು ಬಸ್ ಅನ್ನುತ್ತೇನೆ.

ಗೇಟ್ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಸಂಜೆ 5ಕ್ಕೆ ಮುಚ್ಚುತ್ತದೆ. 8ಕ್ಕೇ ಅಲ್ಲಿರಿ. 11ರ ಮೇಲೆ ಬಿಸಿಲೂ ಜನವೂ ಒಟ್ಟಿಗೆ ಏರುತ್ತವೆ, ನೆರಳು ಅನ್ನುವುದು ಒಂದು ಚೂರೂ ಇಲ್ಲ. ಭಾನುವಾರ ಮೆಕ್ಸಿಕೊದವರಿಗೆ ಪ್ರವೇಶ ಉಚಿತ, ಹಾಗಾಗಿ ನಾವು ಬೇರೆ ದಿನ ನೋಡಿಕೊಳ್ಳುವುದು ಒಳ್ಳೆಯದು. ಹಗಲು ರಾತ್ರಿ ಸಮವಾಗುವ ಹೊತ್ತಿಗೆ, ಅಂದರೆ ಮಾರ್ಚ್ 20, 21ರಂದು, ಬಿಳಿ ಬಟ್ಟೆ ತೊಟ್ಟು ಸಾವಿರಾರು ಜನ ಬರುತ್ತಾರೆ, ಆ ಸಡಗರ ನೋಡಬೇಕೆಂದಿದ್ದರೆ ಹೋಗಿ, ಊರು ನೋಡಬೇಕೆಂದಿದ್ದರೆ ಬೇಡ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲ, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಸುರಿಯುತ್ತದೆ. ನವೆಂಬರ್‌ನಿಂದ ಏಪ್ರಿಲ್ ಒಣ ಹವೆ, ಆದರೆ ಡಿಸೆಂಬರ್, ಜನವರಿ ಬೆಳಗ್ಗೆ ಸ್ವೆಟರ್ ಬೇಕೇ ಬೇಕು.

ಇನ್ನೊಂದು ಮಾತು, ಎತ್ತರದ್ದು. ಈ ಜಾಗ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಸಮತಟ್ಟಾಗಿ ಕಾಣುವುದರಿಂದ ಗೊತ್ತೇ ಆಗುವುದಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಮೆಕ್ಸಿಕೊ ಸಿಟಿಗೆ ಬಂದಿಳಿದ ಮಾರನೇ ದಿನವೇ ಹೊರಡಬೇಡಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರಂತೂ ಒಂದೆರಡು ದಿನ ಸಿಟಿಯಲ್ಲಿ ಸುಧಾರಿಸಿಕೊಂಡು ಹೋಗಿ. ಟೋಪಿ, ಸನ್‌ಸ್ಕ್ರೀನ್, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಒಳ್ಳೆ ಶೂ. ಕೈಯಲ್ಲಿ ನಗದು ಪೆಸೊ ಇರಲಿ.

ಗೇಟುಗಳು ಐದಿವೆ. ಬಹಳಷ್ಟು ಜನ ಎರಡನೇ ಗೇಟಿನಲ್ಲಿ ಇಳಿಯುತ್ತಾರೆ, ಯಾಕಂದರೆ ಸೂರ್ಯ ಪಿರಮಿಡ್ ಅದಕ್ಕೆ ಹತ್ತಿರ. ನೀವು ಒಂದನೇ ಗೇಟಿನಲ್ಲಿ, ಅಂದರೆ ಪುಯೆರ್ತಾ ಊನೊದಲ್ಲಿ ಇಳಿಯಿರಿ. ಅದು ದಕ್ಷಿಣದ ತುದಿ. ಎದುರಿಗೆ ಸಿಯುದಾದೆಲಾ ಅನ್ನುವ ದೊಡ್ಡ ಅಂಗಳ, ಅದರ ಹಿಂಭಾಗದಲ್ಲಿ ಗರಿ ತೊಟ್ಟ ಹಾವಿನ ಗುಡಿ. ಅದು ಈ ಜಾಗದ ಮೂರನೇ ಪಿರಮಿಡ್, ಉಳಿದೆರಡಕ್ಕಿಂತ ಚಿಕ್ಕದು, ಆದರೆ ಕೆತ್ತನೆ ಉಳಿದಿರುವುದು ಇದರಲ್ಲೇ. ಮುಂದೆ ಇನ್ನೊಂದು ಕಟ್ಟೆ ಕಟ್ಟಿ ಹಳೆಯ ಗೋಡೆಯನ್ನು ಮುಚ್ಚಿಬಿಟ್ಟಿದ್ದರಿಂದ ಅದು ಉಳಿಯಿತು. ಆ ಮುಂದಿನ ಕಟ್ಟೆ ಹತ್ತಿ ನಿಂತರೆ ಹಾವಿನ ತಲೆಗಳು ಎದುರಾಬದುರು. ಕುತ್ತಿಗೆ ಸುತ್ತ ಹೂವಿನ ಎಸಳಿನ ಹಾಗೆ ಗರಿ, ತೆರೆದ ಬಾಯಲ್ಲಿ ಹಲ್ಲಿನ ಸಾಲು, ಹಾವಿನ ಮೈ ಹರಿದ ಕಡೆಯೆಲ್ಲ ಶಂಖ, ಚಿಪ್ಪು. ಸಮುದ್ರ ಇಲ್ಲಿಂದ ಎಷ್ಟೋ ದೂರ ಅಲ್ವಾ, ಆದರೂ ಶಂಖ! ಸ್ವಲ್ಪ ಹೊತ್ತು ನಿಂತು ನೋಡಿದರೆ ಸಂದಿಗಳಲ್ಲಿ ಹಳೆಯ ಕೆಂಪು ಬಣ್ಣವೂ ಕಣ್ಣಿಗೆ ಬೀಳುತ್ತದೆ. ಬೆಳಗ್ಗೆ ಸೂರ್ಯ ಗುಡಿಯ ಹಿಂದಿನಿಂದ ಬರುತ್ತಾನೆ, ಹಾಗಾಗಿ ಫೋಟೊ ಕಪ್ಪಗೆ ಬರಬಹುದು. ಕಣ್ಣಿಗೇನೂ ಕಮ್ಮಿಯಿಲ್ಲ.

ಈ ಗುಡಿಯ ಕೆಳಗೆ ನಡೆದ ಕಥೆ ತಿಳಿದುಕೊಂಡೇ ಹೋಗಿ. 2003ರಲ್ಲಿ ಜೋರು ಮಳೆಗೆ ಗುಡಿಯ ಮುಂದೆ ನೆಲ ಕುಸಿದು ಒಂದು ಗುಂಡಿ ಬಿತ್ತು. ಪುರಾತತ್ವಜ್ಞ ಸೆರ್ಜಿಯೊ ಗೋಮೆಸ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಕೆಳಗೆ ಗುಡಿಯ ನಡುವಿನತ್ತ ಹೋಗುವ ಸುಮಾರು 100 ಮೀಟರ್ ಉದ್ದದ ಸುರಂಗ, ಹೆಚ್ಚುಕಡಿಮೆ 1,800 ವರ್ಷದಿಂದ ಮುಚ್ಚಿದ್ದು. ವರ್ಷಗಟ್ಟಲೆ ಮಣ್ಣು ತೆಗೆದಾಗ ಶಂಖಗಳು, ಹಸಿರು ಕಲ್ಲಿನ ಬೊಂಬೆಗಳು, ರಬ್ಬರ್ ಚೆಂಡುಗಳು, ಕೊನೆಗೆ ದ್ರವ ಪಾದರಸವೂ ಸಿಕ್ಕಿತು. ಗೋಡೆಗೆ ಪೈರೈಟ್ ಅನ್ನುವ ಹೊಳೆಯುವ ಖನಿಜದ ಪುಡಿ ಮೆತ್ತಿದ್ದರು, ದೀವಟಿಗೆ ಬೆಳಕಿಗೆ ನಕ್ಷತ್ರದ ಹಾಗೆ ಮಿನುಗಲಿ ಅಂತ. ಇದೇ ಗುಡಿಯ ಅಡಿಯಲ್ಲಿ ಬಲಿಯಾದ ನೂರಕ್ಕೂ ಹೆಚ್ಚು ಜನರ ಅಸ್ಥಿ ಕೂಡ ಸಿಕ್ಕಿದೆ, ಎಷ್ಟೋ ಜನರ ಕೈ ಬೆನ್ನ ಹಿಂದೆ ಕಟ್ಟಿದ ಸ್ಥಿತಿಯಲ್ಲಿ. ಸುರಂಗದೊಳಗೆ ನಮ್ಮನ್ನು ಬಿಡುವುದಿಲ್ಲ. ಆದರೆ ಇಷ್ಟು ಗೊತ್ತಿದ್ದು ಆ ಅಂಗಳದಲ್ಲಿ ನಿಂತರೆ ಮೈ ಜುಮ್ಮೆನ್ನುತ್ತದೆ.

ಅಲ್ಲಿಂದ ಉತ್ತರಕ್ಕೆ ನಡೆಯಿರಿ. ಇದೇ 'ಸತ್ತವರ ಬೀದಿ'. ಹೆಸರು ಇಟ್ಟದ್ದು ಅಸ್ತೆಕರು, ಅವರು ಇಲ್ಲಿಗೆ ಬರುವ ಹೊತ್ತಿಗೆ ಊರು ಪಾಳು ಬಿದ್ದು ನೂರಾರು ವರ್ಷ ಆಗಿತ್ತು. ಕಟ್ಟಿದವರು ಯಾರು, ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು ಅನ್ನುವುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ, ಒಬ್ಬ ರಾಜನ ಹೆಸರೂ ಉಳಿದಿಲ್ಲ. ಚಂದ್ರ ಪಿರಮಿಡ್‌ವರೆಗೆ ಸುಮಾರು 2 ಕಿಲೋಮೀಟರ್. ದಾರಿ ಉದ್ದಕ್ಕೂ ಸಪಾಟಾಗಿಲ್ಲ, ಮೊದಲರ್ಧದಲ್ಲಿ ಅಡ್ಡಗಟ್ಟೆಗಳನ್ನು ಹತ್ತಿ ಇಳಿಯುತ್ತಲೇ ಇರಬೇಕು. ಮೊಣಕಾಲು ನೋವಿದ್ದವರು ಈ ತುಂಡನ್ನು ಬಿಟ್ಟು ಎರಡನೇ ಗೇಟಿಗೆ ಗಾಡಿಯಲ್ಲಿ ಬಂದುಬಿಡಿ. ನಡೆಯಲಾಗುವವರು ಮಾತ್ರ ನಡೆದೇ ಬನ್ನಿ. ಎದುರಿಗೆ ಚಂದ್ರ ಪಿರಮಿಡ್, ಅದರ ಹಿಂದೆ ಸರಿಯಾಗಿ ಅದೇ ಆಕಾರದ ಸೆರೊ ಗೋರ್ದೊ ಬೆಟ್ಟ. ಹತ್ತಿರ ಹೋದ ಹಾಗೆಲ್ಲ ಪಿರಮಿಡ್ ದೊಡ್ಡದಾಗುತ್ತಾ ಬೆಟ್ಟವನ್ನೇ ಮರೆಮಾಡುತ್ತದೆ. ನಡುವೆ ಸಾನ್ ಹುವಾನ್ ಹೊಳೆ ದಾಟುತ್ತೀರಿ, ಊರಿನ ಅಚ್ಚುಕಟ್ಟು ಬೀದಿಗಳಿಗೆ ಹೊಂದಲಿ ಅಂತ ಆ ಹೊಳೆಯ ದಿಕ್ಕನ್ನೇ ತಿರುಗಿಸಿದ್ದರು ಅವರು.

ನಡೆಯುವಾಗ ಗೋಡೆಗಳನ್ನು ಹತ್ತಿರದಿಂದ ನೋಡಿ. ದೊಡ್ಡ ಕಲ್ಲುಗಳ ನಡುವಿನ ಗಾರೆಯಲ್ಲಿ ಪುಟ್ಟ ಪುಟ್ಟ ಕಲ್ಲುಚೂರು ಸಾಲಾಗಿ ಒತ್ತಿರುತ್ತಾರೆ. ಅದಿದ್ದ ಕಡೆ ಈ ಕಾಲದವರು ಮತ್ತೆ ಕಟ್ಟಿದ ಗೋಡೆ ಅಂತ ಅರ್ಥ. ಇದು ತಿಳಿದರೆ ಯಾವುದು ಹಳೆಯದು, ಯಾವುದು ಹೊಸದು ನಾವೇ ಗುರುತಿಸಬಹುದು.

ಸೂರ್ಯ ಪಿರಮಿಡ್ ಸುಮಾರು 65 ಮೀಟರ್ ಎತ್ತರ, ಬುಡದ ಒಂದೊಂದು ಬದಿ ಹೆಚ್ಚುಕಡಿಮೆ 225 ಮೀಟರ್. 2020ರಲ್ಲಿ ಕೊರೊನಾ ಕಾಲಕ್ಕೆ ಹತ್ತುವುದನ್ನು ನಿಲ್ಲಿಸಿದರು. ಚಂದ್ರ ಪಿರಮಿಡ್‌ನ ಮೊದಲ ಹಂತದವರೆಗೆ 2025ರ ಮೇನಲ್ಲಿ ಮತ್ತೆ ಬಿಟ್ಟರು, ನೀವು ಹೋದಾಗ ಹೇಗಿದೆ ಅಂತ ಗೇಟಿನಲ್ಲೇ ಕೇಳಿಕೊಳ್ಳಿ. ಹತ್ತಲು ಬಿಡದಿದ್ದರೆ ಯಾಕೆ ಹೋಗಬೇಕು ಅಂತ ಕೆಲವರು ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಪಿರಮಿಡ್ ಆಗಲೇ ಬಹಳ ಪೆಟ್ಟು ತಿಂದಿದೆ. 1905ರಿಂದ 1910ರವರೆಗೆ ಲಿಯೊಪೊಲ್ಡೊ ಬಾತ್ರೆಸ್ ಅನ್ನುವವರು ಸ್ವಾತಂತ್ರ್ಯದ ನೂರನೇ ವರ್ಷದ ಹಬ್ಬಕ್ಕೆ ಇದನ್ನು ಸಿಂಗರಿಸಲು ಹೋಗಿ ಹೊರಮೈಯನ್ನು ಕೆಲವು ಕಡೆ ಹಲವು ಮೀಟರ್ ಕಿತ್ತು ತೆಗೆದರು. ಇವತ್ತು ನಾವು ನೋಡುವ ಆಕಾರ ಮೂಲದ್ದಲ್ಲ. ಇನ್ನೂ ಸವೆಸುವುದು ಬೇಡ, ಕೆಳಗಿನಿಂದ ಒಂದು ಸುತ್ತು ಬನ್ನಿ. ಹಿಂಬದಿಯಲ್ಲಿ ಜನ ಕಮ್ಮಿ, ಗಾತ್ರ ಅರ್ಥವಾಗುವುದು ಅಲ್ಲೇ. ದಕ್ಷಿಣಕ್ಕೆ ಮ್ಯೂಸಿಯಂ ಇದೆ, ಗಾಜಿನ ನೆಲದ ಕೆಳಗೆ ಇಡೀ ಊರಿನ ಮಾದರಿ, ಎದುರಿನ ದೊಡ್ಡ ಕಿಟಕಿಯಲ್ಲಿ ನಿಜವಾದ ಸೂರ್ಯ ಪಿರಮಿಡ್. ಮಕ್ಕಳಿಗೆ ಖಂಡಿತ ಇಷ್ಟವಾಗುತ್ತದೆ, ಬಿಸಿಲಿನಿಂದ ಒಂದಿಷ್ಟು ಬಿಡುವೂ ಸಿಗುತ್ತದೆ.

ಚಂದ್ರ ಪಿರಮಿಡ್ ಮುಂದಿನ ಅಂಗಳದ ಮೂಲೆಯಲ್ಲಿ ಕೆಟ್ಸಾಲ್‌ಪಾಪಾಲೊತ್ಲ್ ಅರಮನೆ. ಕಂಬಗಳ ಮೇಲೆ ಹಕ್ಕಿ ಕೆತ್ತನೆ, ಕಣ್ಣಿಗೆ ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಗಾಜಿನಂಥ ಕರಿ ಕಲ್ಲಿನ ಬಿಲ್ಲೆ. ಛಾವಣಿ 1960ರ ದಶಕದ್ದು. ಅದರ ಪಕ್ಕ ಕೆಳಗಿಳಿದರೆ ಗರಿ ತೊಟ್ಟ ಜಾಗ್ವಾರ್‌ಗಳು ಶಂಖ ಊದುವ ಚಿತ್ರ, ಇನ್ನೂ ಒಳಗೆ ಹಸಿರು ಗಿಳಿಗಳು.

ಈಗ ಊಟ. ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ಕೇಳಿ ತಿನ್ನಬೇಕು. ಗೇಟಿನ ಹೊರಗೆ ಹೆಂಗಸರು ಕಾವಲಿ ಇಟ್ಟುಕೊಂಡು ತ್ಲಕೋಯೊ ಮಾಡುತ್ತಾರೆ: ನೀಲಿ ಮೆಕ್ಕೆಜೋಳದ ಹಿಟ್ಟಿಗೆ ಬೀನ್ಸ್ ಹೂರಣ ತುಂಬಿ ತಟ್ಟಿದ ದಪ್ಪ ರೊಟ್ಟಿ, ಥೇಟ್ ಖಾರದ ಹೋಳಿಗೆ. ಮೇಲೆ ನೊಪಾಲೆಸ್, ಅಂದರೆ ಪಾಪಸುಕಳ್ಳಿಯ ಎಲೆ ಹೆಚ್ಚಿ ಬೇಯಿಸಿದ್ದು, ಚೀಸ್, ಹಸಿ ಸಾಲ್ಸಾ. ಕುಂಬಳ ಹೂವು ತುಂಬಿ ಮಡಿಚಿದ ರೊಟ್ಟಿ, ಕೆಸಾದಿಯಾ, ಕೂಡ ಕೇಳಿ. ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಹುರಿಯುವುದುಂಟು, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದೂ ಉಂಟು. 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಾಂತೆಕಾ' ಅಂತ ಬಾಯಿಪಾಠ ಮಾಡಿಕೊಳ್ಳಿ: ಮಾಂಸ ಬೇಡ, ಕೋಳಿ ಬೇಡ, ಕೊಬ್ಬು ಬೇಡ. ಐದನೇ ಗೇಟಿನ ಹಿಂದೆ ಗುಹೆಯೊಳಗೆ ಒಂದು ದೊಡ್ಡ ಹೋಟೆಲ್ ಇದೆ, ತಂಪಾಗಿ ಚೆನ್ನಾಗಿದೆ, ಬೆಲೆ ಜಾಸ್ತಿ. ನನ್ನ ಓಟು ಕಾವಲಿಗೇ.

ಊಟ ಆದ ಮೇಲೆ ವಾಪಸ್ ಹೋಗುವ ಮನಸ್ಸಾಗುತ್ತದೆ. ತಡೆಯಿರಿ, ನಾನು ಇಷ್ಟುದ್ದ ಬರೆದದ್ದೇ ಇದಕ್ಕೆ. ಸೂರ್ಯ ಪಿರಮಿಡ್‌ನ ಪೂರ್ವಕ್ಕೆ, ವರ್ತುಲ ರಸ್ತೆಯಾಚೆ ತೆಪಾಂತಿತ್ಲಾ ಅನ್ನುವ ಮನೆ ಸಮುಚ್ಚಯ ಇದೆ. ಟಿಕೆಟ್ ಎಸೆಯಬೇಡಿ, ಅದನ್ನೇ ಅಲ್ಲಿ ತೋರಿಸಬೇಕು. ಈ ಊರಿನ ಜನ ಇಂಥ ಸುಮಾರು 2,000 ವಠಾರಗಳಲ್ಲಿ ವಾಸವಾಗಿದ್ದರು, ನಡುವೆ ಅಂಗಳ, ಸುತ್ತ ಕೋಣೆಗಳು, ನಾಲ್ಕಾರು ಸಂಸಾರ ಒಟ್ಟಿಗೆ. ಬಡವರು ಗುಡಿಸಲಲ್ಲಿ, ದೊರೆ ಅರಮನೆಯಲ್ಲಿ ಅನ್ನುವ ಹಾಗಿರಲಿಲ್ಲ, ಸಾಮಾನ್ಯರ ಮನೆಗೂ ಕಲ್ಲಿನ ಗೋಡೆ, ಸುಣ್ಣದ ನೆಲ. ದೂರದ ಒಆಹಾಕಾದಿಂದ ಬಂದು ನೆಲೆಸಿದವರ ಕೇರಿಯೇ ಬೇರೆ ಇತ್ತು.

ತೆಪಾಂತಿತ್ಲಾದ ಗೋಡೆ ಮುಂದೆ ಬಗ್ಗಿ ನಿಲ್ಲಿ. ಕೆಂಪು ಹಿನ್ನೆಲೆ ಮೇಲೆ ಗೇಣುದ್ದವೂ ಇಲ್ಲದ ಹತ್ತಾರು ಪುಟ್ಟ ಮನುಷ್ಯರು. ಒಬ್ಬ ಈಜುತ್ತಿದ್ದಾನೆ, ಇನ್ನೊಬ್ಬ ಚಿಟ್ಟೆ ಹಿಂದೆ ಓಡುತ್ತಿದ್ದಾನೆ, ಕೆಲವರು ಕೋಲು ಹಿಡಿದು ಚೆಂಡಾಡುತ್ತಿದ್ದಾರೆ. ಬಾಯಿಂದ ಸುರುಳಿ ಸುರುಳಿ ಹೊರಟಿದೆ, ಅದು ಮಾತು ಅಥವಾ ಹಾಡು. ಒಬ್ಬ ಮಾತ್ರ ಕೈಯಲ್ಲಿ ಕೊಂಬೆ ಹಿಡಿದು ಅಳುತ್ತಿದ್ದಾನೆ, ಕಣ್ಣೀರಿನ ಹನಿ ಸಹ ಬಿಡಿಸಿದ್ದಾರೆ. ಇದು ಮಳೆ ದೇವರ ಸ್ವರ್ಗ ಅಂತ ಹಿಂದೆ ವಿದ್ವಾಂಸ ಆಲ್ಫೊನ್ಸೊ ಕಾಸೊ ಹೇಳಿದ್ದರು, ಈಗ ಬೇರೆ ಅಭಿಪ್ರಾಯಗಳೂ ಇವೆ. ಯಾವುದೇ ಇರಲಿ, ಇಡೀ ತೆಯೊತಿವಾಕಾನ್‌ನಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. ಅಷ್ಟು ದೊಡ್ಡ ಕಟ್ಟಡಗಳನ್ನು ಕಟ್ಟಿದವರು ಹೀಗೆ ಆಡಿದರು, ಅತ್ತರು ಅಂತ ಬೇರೆ ಎಲ್ಲೂ ಕಾಣುವುದಿಲ್ಲ. ಕಾಲಲ್ಲಿ ಶಕ್ತಿ ಉಳಿದಿದ್ದರೆ ಪಶ್ಚಿಮಕ್ಕಿರುವ ತೆತಿತ್ಲಾ, ಆತೆತೆಲ್ಕೊ ಕೂಡ ನೋಡಿ. ತೆರೆದಿವೆಯೇ ಅಂತ ಬೆಳಗ್ಗೆ ಗೇಟಿನಲ್ಲೇ ವಿಚಾರಿಸಿಕೊಳ್ಳಿ. ಟೂರ್ ಬಸ್ಸಿನವರು ಈ ಕಡೆ ಬರುವುದು ಅಪರೂಪ.

ವ್ಯಾಪಾರಿಗಳು ಬೀದಿ ತುಂಬ ಇರುತ್ತಾರೆ, ಜಾಗ್ವಾರ್ ಕೂಗುವ ಸೀಟಿ ಊದುತ್ತಾ. ಬೇಡ ಅಂದರೆ 'ನೋ, ಗ್ರಾಸಿಯಾಸ್' ಸಾಕು, ಸುಮ್ನೆ ಮುಂದೆ ಹೋಗುತ್ತಾರೆ. ಅಬ್ಸಿಡಿಯನ್ ಕೊಳ್ಳುವುದಾದರೆ ಚೂಪಾದ ಚಾಕು, ಬಾಣದ ಮೊನೆ ಚೆಕ್-ಇನ್ ಲಗೇಜಿಗೆ ಹಾಕಿ.

ಮೆಕ್ಸಿಕೊ ಸಿಟಿಯ ಚಾಪುಲ್ತೆಪೆಕ್‌ನಲ್ಲಿರುವ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂ ಅನ್ನು ಇಲ್ಲಿಗೆ ಬರುವ ಮುಂಚೆಯೇ ನೋಡಿ, ಸೋಮವಾರ ರಜೆ. ತೆಯೊತಿವಾಕಾನ್ ಕೋಣೆಯಲ್ಲಿ ಹಾವಿನ ಗುಡಿಯ ಗೋಡೆಯನ್ನು ಬಣ್ಣ ಸಮೇತ ಪೂರ್ತಿ ಗಾತ್ರಕ್ಕೆ ಕಟ್ಟಿದ್ದಾರೆ. ಅದನ್ನು ಕಣ್ಣಲ್ಲಿಟ್ಟುಕೊಂಡು ಬಂದರೆ ಇಲ್ಲಿನ ಬೂದು ಕಲ್ಲಿಗೆ ನೀವೇ ಬಣ್ಣ ತುಂಬಬಹುದು.

ವಾಪಸ್ ಬಸ್ಸಿಗೆ ಎರಡನೇ ಅಥವಾ ಮೂರನೇ ಗೇಟಿನ ಹೊರಗೆ ರಸ್ತೆ ಪಕ್ಕ ನಿಲ್ಲಿ, 'ಮೆಹಿಕೊ ನೊರ್ತೆ' ಅಂತ ಬೋರ್ಡ್ ಇರುವುದನ್ನು ಹತ್ತಿ. 5ಕ್ಕೆ ಗೇಟ್ ಮುಚ್ಚಿದ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಹಾಗಾಗಿ ನಾಲ್ಕೂವರೆಗೇ ರಸ್ತೆಗೆ ಬಂದುಬಿಡಿ.