ಎಸ್ಟೀಮ್ ಕಾರೂ ಬ್ರೇಕ್ ಆಯಿಲೂ

ರೇಸಿಗೆ ಕಾರು ರೆಡಿ ಮಾಡ್ತಿದ್ದೀನಿ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಎಷ್ಟು ಹಾರ್ಸ್‌ಪವರ್? ನಮ್ಮ ಮಾರುತಿ ಎಸ್ಟೀಮ್‌ದು 85. ಕಂಪನಿಯಿಂದ ಬಂದಾಗ ಎಷ್ಟಿತ್ತೋ ಅಷ್ಟೇ. ಪವರ್ ಹೆಚ್ಚಿಸಲು ನಾವು ಒಂದು ರೂಪಾಯಿಯನ್ನೂ ಹಾಕಲಿಲ್ಲ. ದುಡ್ಡು, ಹೊತ್ತು ಎಲ್ಲಾ ಹೋಗಿದ್ದು ಕಾರನ್ನು ನಿಲ್ಲಿಸುವುದಕ್ಕೆ ಮತ್ತು ಒಳಗೆ ಕೂತವನನ್ನು ಉಳಿಸುವುದಕ್ಕೆ. ಕ್ಲಬ್ ರೇಸಿಂಗ್ ಆಸೆ ಇರುವ ಹುಡುಗರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು.

ನಮ್ಮದು ಹೊಸೂರು. ಅತ್ತಿಬೆಲೆ ದಾಟಿದರೆ ಸಿಗುವ ಊರು, ಜಿಲ್ಲೆ ಕೃಷ್ಣಗಿರಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು. ಹೊರಗಿನವರಿಗೆ ಹೊಸೂರು ಅಂದರೆ ಗುಲಾಬಿ ತೋಟ, ಚಂದ್ರಚೂಡೇಶ್ವರನ ಬೆಟ್ಟ. ನನಗೆ ಇದು ಲೇತ್‌ಗಳ ಊರು. ಟಿವಿಎಸ್, ಅಶೋಕ್ ಲೇಲ್ಯಾಂಡ್‌ನಂಥ ದೊಡ್ಡ ಕಾರ್ಖಾನೆಗಳು ಬಂದ ಮೇಲೆ ಬಿಡಿಭಾಗ ಮಾಡಿಕೊಡುವ ಚಿಕ್ಕ ಚಿಕ್ಕ ಶೆಡ್‌ಗಳು ಗಲ್ಲಿ ಗಲ್ಲಿಯಲ್ಲೂ ಹುಟ್ಟಿಕೊಂಡವು. ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಅಂಥ ಒಂದು ಕಡೆ ಟೂಲ್‌ರೂಮಿನಲ್ಲಿ ದುಡಿದು ರಿಟೈರ್ ಆದವರು. ಈಗ ಬಾಗಲೂರು ರಸ್ತೆಯಲ್ಲಿ ಅವರದೊಂದು ಗ್ಯಾರೇಜಿದೆ. ಚೆನ್ನೈ ಹತ್ತಿರ ಶೋಲಾವರಂನ ಹಳೇ ಏರ್‌ಸ್ಟ್ರಿಪ್ ಮೇಲೆ ರೇಸ್ ನಡೆಯುತ್ತಿದ್ದ ಕಾಲದಲ್ಲಿ ರಾತ್ರಿ ಬಸ್ ಹಿಡಿದು ನೋಡಲು ಹೋಗುತ್ತಿದ್ದರಂತೆ. ಎಲ್ಲರೂ ಸ್ಟಾರ್ಟ್ ಲೈನಿನ ಹತ್ತಿರ ನೂಕಾಡುತ್ತಿದ್ದರೆ, ಇವರು ಕಾರುಗಳು ಬ್ರೇಕ್ ಹಿಡಿಯುವ ಜಾಗ ಹುಡುಕಿಕೊಂಡು ಹೋಗಿ ನಿಲ್ಲುತ್ತಿದ್ದರಂತೆ. ನಮ್ಮ ಕಾರಿನ ಕೆಲಸವೆಲ್ಲ ನಡೆದಿದ್ದು ಈ ಮನುಷ್ಯನ ಕಣ್ಣಳತೆಯಲ್ಲೇ.

ಮಾರುತಿ ಎಸ್ಟೀಮ್ 1994ರಿಂದ 2007ರವರೆಗೆ ಮಾರಾಟವಾದ ಕಾರು. ನಮ್ಮ ದೇಶದ ರೇಸು, ರ‍್ಯಾಲಿಗಳಲ್ಲಿ ವರ್ಷಾನುಗಟ್ಟಲೆ ಓಡಿದೆ. ಮೈ ಹಗುರ. ನಾಲ್ಕೂ ಚಕ್ರ ತಂತಮ್ಮಷ್ಟಕ್ಕೆ ಏಳುಬೀಳುವಂಥ ಸಸ್ಪೆನ್ಷನ್. ಬಿಡಿಭಾಗ ಇವತ್ತಿಗೂ ಸಿಗುತ್ತದೆ. ಎರಡು ಸೀಟಿನ ಸ್ಪೋರ್ಟ್ಸ್ ಕಾರು ಕೊಳ್ಳಲಾಗದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ ಅಂತ ನಾನು ನಂಬಿದ್ದೇನೆ.

ಮೊದಲ ಕೆಲಸ ರೋಲ್ ಕೇಜ್. ಕಾರು ಮಗುಚಿದರೆ ಚಾವಣಿ ತಲೆಯ ಮೇಲೆ ಕುಸಿಯದ ಹಾಗೆ ತಡೆಯುವ ಪೈಪಿನ ಪಂಜರ ಅದು. ಜಗತ್ತಿನ ಮೋಟಾರ್ ರೇಸಿಂಗ್ ನೋಡಿಕೊಳ್ಳುವ ಸಂಸ್ಥೆ ಎಫ್‌ಐಎ. ಅದರ ನಿಯಮ ಇದರಲ್ಲಿ ಬಹಳ ಸ್ಪಷ್ಟ. ಜಾಯಿಂಟ್ ಇಲ್ಲದ ಸೀಮ್‌ಲೆಸ್ ಪೈಪೇ ಆಗಬೇಕು. ಡ್ರೈವರ್ ಹಿಂದಿನ ಮುಖ್ಯ ಕಮಾನಿಗೆ 45 ಮಿಲಿಮೀಟರ್ ಹೊರವ್ಯಾಸ, ಪೈಪಿನ ಗೋಡೆ 2.5 ಮಿಲಿಮೀಟರ್ ದಪ್ಪ. ಪೈಪಿನ ಕಾಲು ಊರುವ ಕಡೆ ಚಾಸಿಗೆ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಪಟ್ಟಿ. ಪೈಪ್ ಅಂಗಡಿಯಲ್ಲಿ ನಮಗೆ ತೋರಿಸಿದ್ದು ಅರ್ಧ ರೇಟಿನ ಮಾಲು. ನೋಡಲು ಒಂದೇ ಥರ. ಮಾವ ಪೈಪಿನೊಳಗೆ ಬೆರಳು ಹಾಕಿ ಸುತ್ತ ಸವರಿದರು. ಒಳಗೆ ಉದ್ದಕ್ಕೂ ವೆಲ್ಡಿಂಗ್ ಗೆರೆ ಕೈಗೆ ಸಿಕ್ಕಿತು. "ಇದು ಗೇಟಿಗೆ ಆಗುತ್ತೆ ಸಾಮಿ, ತಲೆ ಕಾಯೋಕೆ ಆಗಲ್ಲ" ಅಂದು ಎದ್ದುಬಂದರು. ಸರಿಯಾದ ಪೈಪು ಬೆಂಗಳೂರಿನಿಂದ ಬಂತು.

ಬೆಲ್ಟಿನದೂ ಇಷ್ಟೇ ಮುಖ್ಯ. ಹೆಗಲ ಮೇಲಿಂದ ಹಿಂದಕ್ಕೆ ಹೋಗುವ ಪಟ್ಟಿಗಳು ಹೆಚ್ಚುಕಮ್ಮಿ ನೇರವಾಗಿ ಹೋಗಬೇಕು, 10 ಡಿಗ್ರಿಗಿಂತ ಜಾಸ್ತಿ ಇಳಿಯದಿದ್ದರೆ ಒಳ್ಳೆಯದು. ಅದನ್ನು ತಂದು ಹಿಂದಿನ ಸೀಟಿನ ನೆಲಕ್ಕೆ ಬೋಲ್ಟ್ ಹಾಕಿದ ಕಾರುಗಳನ್ನು ನೋಡಿದ್ದೇನೆ. ಗುದ್ದಿದಾಗ ಆ ಬೆಲ್ಟು ಹೆಗಲನ್ನು ಕೆಳಕ್ಕೆ ಜಗ್ಗುತ್ತದೆ, ಬೆನ್ನುಮೂಳೆ ಅದುಮುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ತೂಕ ಇಳಿಸುವುದು ಸುಲಭ, ಬೆವರು ಮಾತ್ರ ಜಾಸ್ತಿ. ಹಿಂದಿನ ಸೀಟು, ಕಾರ್ಪೆಟ್ಟು, ಸ್ಟೆಪ್ನಿ, ಬಾಗಿಲ ಒಳಪಟ್ಟಿ ಎಲ್ಲಾ ಬಿಚ್ಚಿದೆವು. ನೆಲಕ್ಕೆ ಅಂಟಿರುವ ಡಾಂಬರಿನಂಥ ಹಾಳೆಗಳನ್ನು ಹೀಟ್ ಗನ್ ಹಿಡಿದು, ಉಳಿಯಲ್ಲಿ ಕೆರೆದು ತೆಗೆಯಬೇಕು. ಆಮೇಲೆ ತರಕಾರಿ ಲಾರಿಗಳು ನಿಲ್ಲುವ ವೇಬ್ರಿಡ್ಜಿನಲ್ಲಿ ತೂಗಿಸಿದೆವು. ಮೊದಲು ಮುಂದಿನ ಚಕ್ರ ಮಾತ್ರ, ಆಮೇಲೆ ಹಿಂದಿನದು. ಭಾರ ಎಷ್ಟು ಮುಂದಿದೆ ಅಂತ ಆ ಚೀಟಿಯಿಂದಲೇ ಗೊತ್ತಾಗುತ್ತದೆ.

ಈಗ ಬ್ರೇಕಿಗೆ ಬರುತ್ತೇನೆ. ಒಂದು ಲೆಕ್ಕ ನೋಡಿ. ಡ್ರೈವರ್ ಸೇರಿ ಸುಮಾರು 930 ಕಿಲೋ ಇರುವ ಕಾರು ಗಂಟೆಗೆ 140 ಕಿಲೋಮೀಟರ್ ವೇಗದಿಂದ 70ಕ್ಕೆ ಇಳಿಯುವಾಗ 500 ಕಿಲೋಜೂಲ್‌ಗಿಂತ ಹೆಚ್ಚು ಶಕ್ತಿ ಎಲ್ಲಾದರೂ ಹೋಗಬೇಕು. ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ಒಂದೂವರೆ ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವಷ್ಟು ಶಾಖ! ಅದೂ ಮೂರು ನಾಲ್ಕು ಸೆಕೆಂಡಿನಲ್ಲಿ. ಅದರಲ್ಲೂ ಹೆಚ್ಚಿನದು ಮುಂದಿನ ಎರಡು ಡಿಸ್ಕಿಗೆ. ಮುಂದಿನ ತಿರುವಿನಲ್ಲಿ ಮತ್ತೆ, ಅದರ ಮುಂದಿನದರಲ್ಲಿ ಮತ್ತೆ. ರಸ್ತೆಯಲ್ಲಿ ಓಡಿಸುವಾಗ ಬ್ರೇಕಿಗೆ ಆರಲು ಹೊತ್ತು ಸಿಗುತ್ತದೆ. ಟ್ರ್ಯಾಕಿನಲ್ಲಿ ಸಿಗುವುದಿಲ್ಲ.

ಈ ಬಿಸಿ ಡಿಸ್ಕನ್ನು ಕಚ್ಚುವ ಪ್ಯಾಡಿನಿಂದ ಅದನ್ನು ಒತ್ತುವ ಪಿಸ್ಟನ್ನಿಗೆ, ಪಿಸ್ಟನ್ನಿಂದ ಬ್ರೇಕ್ ಆಯಿಲ್‌ಗೆ ಏರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿಯವರೆಗೆ ಕುದಿಯಬಾರದು. ಆದರೆ ಅದು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ನೂರಕ್ಕೆ ಮೂರೂವರೆ ಭಾಗದಷ್ಟು ನೀರು ಸೇರಿದರೆ ಸಾಕು, ಕುದಿಯುವ ಮಟ್ಟ 155ರ ಹತ್ತಿರ ಬಂದುಬಿಡಬಹುದು. ಕುದ್ದರೆ ಪೈಪಿನಲ್ಲಿ ಆವಿ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ತುಳಿದಿದ್ದು ಆವಿಯನ್ನು ಒತ್ತುವುದಕ್ಕೇ ಸರಿಹೋಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷದಿಂದ ಆಯಿಲ್ ಬದಲಿಸದ ಕಾರನ್ನು ಟ್ರ್ಯಾಕಿಗೆ ತರುವುದು ಅಂದರೆ ಇದೇ.

ನಾವು 300 ಡಿಗ್ರಿ ದಾಟಿ ಕುದಿಯುವ ರೇಸಿಂಗ್ ಆಯಿಲ್ ತರಿಸಿದೆವು. ಹಳೆಯದನ್ನೆಲ್ಲ ಹೊರಹಾಕಿ, ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರ್‌ಗೆ ಎಲ್ಲಕ್ಕಿಂತ ದೂರ ಇರುವ ಹಿಂದಿನ ಚಕ್ರದಿಂದ ಶುರುಮಾಡಿ ಒಂದೊಂದೇ ಬ್ಲೀಡ್ ಮಾಡಿದೆವು, ಅಂದರೆ ಪೈಪಿನೊಳಗಿನ ಗಾಳಿಯನ್ನೆಲ್ಲ ಹೊರಬಿಟ್ಟೆವು. ರಬ್ಬರ್ ಹೋಸ್‌ಗಳ ಜಾಗಕ್ಕೆ ಸ್ಟೀಲ್ ಹೆಣಿಗೆಯವು ಬಂದವು. ಶಾಖ ತಡೆಯುವ ಪ್ಯಾಡು ಹಾಕಿದೆವು. ಡಿಸ್ಕಿನ ಹಿಂದಿನ ತಗಡಿನ ಮುಚ್ಚಳ ಬಿಚ್ಚಿ, ಫಾಗ್ ಲ್ಯಾಂಪಿನ ತೂತಿನಿಂದ ಡಿಸ್ಕಿನ ನಡುಭಾಗಕ್ಕೆ ಗಾಳಿ ಹೋಗುವ ಹಾಗೆ ಮಡಚುವ ಪೈಪ್ ಎಳೆದೆವು. ಎಲ್ಲಾ ಸೇರಿ, ಪವರ್‌ಗೆಂದು ಹಾಕಿಸುವ ಒಂದು ಒಳ್ಳೆಯ ಎಕ್ಸಾಸ್ಟಿನ ಖರ್ಚೂ ಆಗಲಿಲ್ಲ.

ಟ್ರ್ಯಾಕಿಗೆ ಇಳಿಯುವ ಹಿಂದಿನ ದಿನ ಶನಿವಾರ. ಬೆಳಿಗ್ಗೆ ಚಕ್ರಗಳ ದಿಕ್ಕು, ವಾಲು ಸರಿಮಾಡುವ ಅಲೈನ್‌ಮೆಂಟ್ ಕೆಲಸ. ಅಂಗಳದಲ್ಲಿ ಗಾರೆ ಕೆಲಸದವರ ನೀರಿನ ಟ್ಯೂಬ್ ಇಟ್ಟು ನಾಲ್ಕು ಚಕ್ರದ ಜಾಗವನ್ನೂ ಲೆವೆಲ್ ಮಾಡಿದೆವು. ತಗ್ಗಿದ್ದ ಕಡೆ ಟೈಲ್ಸ್ ತುಂಡು. ಎರಡು ಟೈಲ್ಸ್ ನಡುವೆ ಗ್ರೀಸ್ ಹಚ್ಚಿದ್ದರಿಂದ ಚಕ್ರ ತಡೆಯಿಲ್ಲದೆ ಜಾರಿ ತನ್ನ ಜಾಗಕ್ಕೆ ಕೂರುತ್ತದೆ. ನನ್ನ ತೂಕದಷ್ಟು ರಾಗಿ ಮೂಟೆ ಕಟ್ಟಿ ಡ್ರೈವರ್ ಸೀಟಿನಲ್ಲಿ ಕೂರಿಸಿದೆವು. ಖಾಲಿ ಕಾರಿನ ಅಳತೆ ಬೇರೆ, ಆಳು ಕೂತ ಕಾರಿನ ಅಳತೆ ಬೇರೆ. ಆಮೇಲೆ ಕಾರಿನ ಎರಡೂ ಬದಿಗೆ ಮೀನು ಹಿಡಿಯುವ ನೈಲಾನ್ ದಾರವನ್ನು ಸಮಾನಾಂತರ ಎಳೆದು, ರಿಮ್ಮಿನ ಮುಂದಿನ ಅಂಚು, ಹಿಂದಿನ ಅಂಚು ಅಳೆದೆವು. ಮುಂದಿನ ಚಕ್ರಗಳು ಒಂದೊಂದು ಮಿಲಿಮೀಟರ್ ಹೊರಮುಖ. ತಿರುವಿಗೆ ಕಾರು ಬೇಗ ಮೂಗು ತಿರುಗಿಸಲಿ ಅಂತ.

ಕ್ಯಾಂಬರ್, ಅಂದರೆ ಚಕ್ರದ ವಾಲು, ನೋಡಿದ್ದು ತೂಗುಗುಂಡಿನಿಂದ. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಚಕ್ರ ತನ್ನ ಹೊರ ಅಂಚಿನ ಮೇಲೆ ನಿಲ್ಲಲು ನೋಡುತ್ತದೆ. ಅದಕ್ಕೇ ಮೊದಲೇ ಚಕ್ರದ ತಲೆಯನ್ನು ಒಳಕ್ಕೆ ವಾಲಿಸಿಡುವುದು. ಒಂದೂವರೆ ಡಿಗ್ರಿ ಬೇಕು ಅಂದರೆ 13 ಇಂಚಿನ ರಿಮ್ಮಿನಲ್ಲಿ ಮೇಲಂಚು ಕೆಳಗಿನದಕ್ಕಿಂತ ಸುಮಾರು 9 ಮಿಲಿಮೀಟರ್ ಒಳಗಿರಬೇಕು. ಮಾವ ಚಕ್ರವನ್ನು ಹಿಡಿದಿರುವ ಶಾಕ್ ಅಬ್ಸಾರ್ಬರ್ ಕಂಬ, ಅಂದರೆ ಸ್ಟ್ರಟ್ಟಿನ ಮೇಲಿನ ಬೋಲ್ಟಿನ ತೂತನ್ನು ಅರದಿಂದ ಅಷ್ಟಷ್ಟೇ ಉಜ್ಜಿ ಹಿಗ್ಗಿಸಿದರು. ಮಷಿನ್ನು ಇದ್ದರೂ ಕೈಯಲ್ಲೇ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಎರಡೂ ಬದಿ ಸಮ.

ಸಂಜೆ ಕೊನೇ ಸುತ್ತಿನ ಚೆಕಿಂಗ್. ಮಾವ ಜಾಕ್ ಏರಿಸಿ, ಮುಂದಿನ ಎಡ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಸಣ್ಣಗೆ ಟಕ್ ಅಂತು. ನನಗೆ ಕೇಳಿಸಲೇ ಇಲ್ಲ.

"ಅಳಿಯಾ, ಬ್ರೇಕ್ ತುಳಿ" ಅಂದರು. ತುಳಿದೆ. ಮತ್ತೆ ಅಲ್ಲಾಡಿಸಿದರು. ಸದ್ದಿಲ್ಲ.

"ಬೇರಿಂಗು. ಬಾಲ್ ಜಾಯಿಂಟ್ ಆಗಿದ್ರೆ ಬ್ರೇಕ್ ಹಿಡಿದ್ರೂ ಆಡ್ತಿತ್ತು."

ಬ್ರೇಕ್ ತುಳಿದಾಗ ಡಿಸ್ಕನ್ನು ಪ್ಯಾಡು ಕಚ್ಚುತ್ತದೆ. ಚಕ್ರ ಕೂರುವ ಹಬ್ಬೂ, ಬಾಲ್ ಜಾಯಿಂಟಿನಿಂದ ಸಸ್ಪೆನ್ಷನ್ನಿಗೆ ಸೇರಿದ ನಕಲ್ ಅನ್ನುವ ಭಾಗವೂ ಒಂದೇ ತುಂಡಾಗಿಬಿಡುತ್ತವೆ. ಆಗ ಆಟ ಮಾಯವಾದರೆ ಅದು ನಡುವಿನ ಬೇರಿಂಗಿನದೇ. ಎಷ್ಟು ಸರಳ ಪರೀಕ್ಷೆ ಅಲ್ವಾ? ಮನೆಯಲ್ಲೇ ಯಾರು ಬೇಕಾದರೂ ಮಾಡಬಹುದು.

"ನಾಳೆ ಒಂದು ದಿನ ನಡೆಯುತ್ತಾ ಮಾವ?" ಅಂತ ಕೇಳಿದೆ.

"ರೋಡಲ್ಲಿ ಆರು ತಿಂಗಳು ನಡೆಯುತ್ತೆ. ಅಲ್ಲಿಗೆ ಇದರಲ್ಲಿ ಕಳಿಸಲ್ಲ ನಿನ್ನ."

ಅಂಗಡಿ ಬಾಗಿಲು ಹಾಕುವ ಹೊತ್ತು. ಫೋನ್ ಮಾಡಿ ನಿಲ್ಲಿಸಿ, ಓಡಿಹೋಗಿ ಬೇರಿಂಗ್ ತಂದೆ. ನಕಲ್ ಬಿಚ್ಚಿ, ಎರಡು ಬೀದಿ ಆಚೆಯ ಶೆಡ್ಡಿಗೆ ಒಯ್ದೆವು. ಅಲ್ಲಿ ಹೈಡ್ರಾಲಿಕ್ ಪ್ರೆಸ್ ಇದೆ. ಬೇರಿಂಗನ್ನು ನಕಲ್ ಒಳಗೆ ಒತ್ತುವಾಗ ಹೊರಬಳೆಯ ಮೇಲೇ ಭಾರ ಬೀಳಬೇಕು. ಒಳಬಳೆಯ ಮೇಲೆ ಒತ್ತಿದರೆ ಆ ಒತ್ತಡವೆಲ್ಲ ಗುಂಡುಗಳ ಮೂಲಕ ಹೋಗಿ, ಹೊಸ ಬೇರಿಂಗ್ ಅಲ್ಲೇ ಹಾಳು. ಸರಿಯಾದ ಅಳತೆಯ ಬಳೆ ಇರಲಿಲ್ಲ. ಶೆಡ್ಡಿನ ಅಣ್ಣ ಮರುಮಾತಾಡದೆ ಲೇತಿಗೆ ಒಂದು ತುಂಡು ಕಟ್ಟಿ, ಅಲ್ಲೇ ಬಳೆ ತಿರುಗಿಸಿಕೊಟ್ಟರು. ದುಡ್ಡು ಬೇಡ ಅಂದರು. "ಗೆದ್ಕೊಂಡ್ ಬಾಪ್ಪ" ಅಂದರು. ಇಂಥ ಊರಲ್ಲಿ ಹುಟ್ಟಿದ್ದಕ್ಕೆ ಆ ರಾತ್ರಿ ನಿಜವಾಗಿ ಹೆಮ್ಮೆಪಟ್ಟೆ.

ಆದರೆ ನಕಲ್ ಬಿಚ್ಚಿದ ಮೇಲೆ ಬೆಳಗಿನ ಕ್ಯಾಂಬರ್ ಎಲ್ಲಿ ಉಳಿಯುತ್ತದೆ? ಮತ್ತೆ ರಾಗಿ ಮೂಟೆ, ಮತ್ತೆ ದಾರ, ಬಲ್ಬಿನ ಬೆಳಕಿನಲ್ಲಿ ಮತ್ತೆ ತೂಗುಗುಂಡು. ಅತ್ತೆ ಮುದ್ದೆ ಊಟವನ್ನು ಗ್ಯಾರೇಜಿಗೇ ತಂದರು. ಮುಗಿದಾಗ ಫ್ಲಾಟ್‌ಬೆಡ್ ಗಾಡಿ ಬಂದು ನಿಂತಿತ್ತು. ಇಷ್ಟೆಲ್ಲ ಬದಲಿಸಿದ ಕಾರನ್ನು ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಅಡ್ಡ ಬರುತ್ತದೆ. ಟ್ರ್ಯಾಕ್ ಕಾರು ಗಾಡಿ ಮೇಲೇ ಹೋಗಬೇಕು.

ಕೃಷ್ಣಗಿರಿ, ವೇಲೂರು ದಾಟಿ, ಬೆಳಗಾಗುವ ಹೊತ್ತಿಗೆ ಶ್ರೀಪೆರುಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈ ತಲುಪಿದೆವು. 1990ರಲ್ಲಿ ಶುರುವಾದ ಟ್ರ್ಯಾಕು. ಒಂದು ಸುತ್ತು 3.7 ಕಿಲೋಮೀಟರ್, 12 ತಿರುವು. ಟ್ರ್ಯಾಕಿಗೆ ಬಿಡುವ ಮುಂಚೆ ಕಾರು ಪರೀಕ್ಷಿಸುವ ಸ್ಕ್ರುಟಿನಿಯವರು ಬ್ಯಾಟರಿ ಅಲ್ಲಾಡಿಸಿ ನೋಡಿದರು. ಸೀಟು, ಬೆಲ್ಟು, ಬೆಂಕಿ ಆರಿಸುವ ಸಿಲಿಂಡರ್, ಎಳೆಯುವ ಕೊಕ್ಕೆ, ಬ್ರೇಕ್ ಲೈಟು, ಹೆಲ್ಮೆಟ್ಟು ಎಲ್ಲಾ ನೋಡಿದರು. ಕೊನೆಗೆ ಒಬ್ಬರು ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಸ್ಟಿಕರ್ ಅಂಟಿಸಿ ಮುಂದೆ ಹೋದರು. ಮಾವ ನನ್ನ ಕಡೆ ನೋಡಿ ತಲೆಯಾಡಿಸಿದರು, ಅಷ್ಟೇ.

ಮೊದಲ ಸೆಷನ್ನಿನಲ್ಲಿ ನಮಗಿಂತ ಎಷ್ಟೋ ಜೋರಿನ ಕಾರುಗಳು ಸ್ಟ್ರೈಟಿನಲ್ಲಿ ದಾಟಿಹೋದವು. ನಾನು ಗಮನಿಸುತ್ತಿದ್ದುದು ಪೆಡಲ್. ಮೊದಲ ಸುತ್ತಿನಲ್ಲಿ ಕಾಲಿಗೆ ಎಲ್ಲಿ ಸಿಕ್ಕಿತೋ ಕೊನೆಯ ಸುತ್ತಿನಲ್ಲೂ ಅಲ್ಲೇ ಸಿಕ್ಕಿತು. ಆ ಖುಷಿಯನ್ನು ಹೇಗೆ ಹೇಳಲಿ! ಕಾಲಿಗೆ ಧೈರ್ಯ ಬಂದರೆ ಬ್ರೇಕ್ ಹಿಡಿಯುವ ಜಾಗ ತಾನಾಗಿ ಮುಂದೆ, ತಿರುವಿನ ಹತ್ತಿರಕ್ಕೆ ಹೋಗುತ್ತದೆ. ಸುತ್ತಿನ ಸಮಯ ಇಳಿಯುವುದು ಹಾಗೆ.

ಟ್ರ್ಯಾಕಿನ ಬದಿಯಲ್ಲಿ ಕಾರು ನಿಲ್ಲಿಸುವ ಪಿಟ್ಟಿಗೆ ಬಂದಾಗ ಪಕ್ಕದಲ್ಲಿ ಒಬ್ಬ ಹುಡುಗ ಮುಖ ಬಾಡಿಸಿ ಕೂತಿದ್ದ. ಟರ್ಬೊ ಕಾರು, ನಮ್ಮ ಎರಡರಷ್ಟು ಪವರ್. ಕೆಲವೇ ಸುತ್ತಿಗೆ ಪೆಡಲ್ ನೆಲ ಮುಟ್ಟಿ, ತಿರುವು ಬಿಟ್ಟು ಮಣ್ಣಿಗೆ ಇಳಿದಿದ್ದ. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಅವನ ಕಾರಿನ ಡಬ್ಬಿಯಲ್ಲಿದ್ದ ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ನಮ್ಮ ಹತ್ತಿರ ಸೀಲ್ ಒಡೆಯದ ಬಾಟಲಿ ಇತ್ತು. ಮಾವ "ವಾ ತಂಬಿ" ಅಂತ ಕರೆದು ಅವನನ್ನು ಪೆಡಲ್ ತುಳಿಯಲು ಕೂರಿಸಿ, ತಾವೇ ಕೆಳಗೆ ಮಲಗಿ ನಾಲ್ಕೂ ಚಕ್ರ ಬ್ಲೀಡ್ ಮಾಡಿದರು. ಮಧ್ಯಾಹ್ನ ಅವನು ನಮಗಿಂತ ಎಷ್ಟೋ ಬೇಗ ಸುತ್ತು ಮುಗಿಸಿದ. ಬಂದು ಮಾವನ ಕಾಲು ಮುಟ್ಟಲು ಹೋದ.

ಟೈರಿನ ಬಿಸಿ ಅಳೆದು ಬರೆದುಕೊಂಡಿದ್ದೇವೆ. ಹೊರ ಅಂಚು ಇನ್ನೂ ಒಳಗಿನದಕ್ಕಿಂತ ಬಿಸಿ. ಅಂದರೆ ಒಂದೂವರೆ ಡಿಗ್ರಿ ಸಾಲದು, ಎರಡಕ್ಕೆ ತರಬೇಕು. ಪ್ಯಾಡು ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಎಡಗಡೆಯ ಗಾಳಿ ಪೈಪು ಚಕ್ರಕ್ಕೆ ತಾಗಿ ಸವೆದಿದೆ, ಅದಕ್ಕೊಂದು ಕ್ಲಾಂಪ್ ಮಾಡಿಸಬೇಕು. ಉದ್ದದ ತಿರುವುಗಳಲ್ಲಿ ಇಂಜಿನ್ ಆಯಿಲ್ ಒಂದು ಬದಿಗೆ ಸರಿಯದ ಹಾಗೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪಿನೊಳಗೆ ತಡೆಪಟ್ಟಿ ವೆಲ್ಡ್ ಮಾಡಿಸುವುದು ಮುಂದಿನ ದೊಡ್ಡ ಕೆಲಸ. ಮಾವ ಆಗಲೇ ತಗಡು ಕತ್ತರಿಸಿ ಇಟ್ಟಿದ್ದಾರೆ.